ಸಂಸ್ಥೆಗಳ ಜಾಲತಾಣ ಎಚ್‌ಟಿಟಿಪಿಎಸ್‌ಗೆ ಬರಲಿ

ಮಾನ್ಯ ಸಂಪಾದಕರೇ,

ಬೆಳಗಾವಿ ಜಿಲ್ಲೆಯ ಪತ್ತಿನ ಸಹಕಾರಿ ಸಂಘ, ಕಾಲೇಜು, ಆಸ್ಪತ್ರೆಗಳ ಪೈಕಿ ಯಾರ ಜಾಲತಾಣ ಇನ್ನೂ ಮಾಹಿತಿಯನ್ನು ತೆರೆದೇ ಕಳಿಸುವ ಬರೀ ಎಚ್‌ಟಿಟಿಪಿಯಲ್ಲಿ ತೆರೆದುಕೊಳ್ಳುತ್ತದೋ, ಅವರು ಈ ತಿಂಗಳೇ ಅದನ್ನು ಮಾಹಿತಿಯನ್ನು ಗುಪ್ತಲಿಪಿಯಲ್ಲಿ ಕಳಿಸುವ ಎಚ್‌ಟಿಟಿಪಿಎಸ್‌ಗೆ ಬದಲಿಸಿಕೊಳ್ಳಬೇಕು. ಎಚ್‌ಟಿಟಿಪಿ ಪುಟ ಗ್ರಾಹಕರ ಮೊಬೈಲ್ ತಲುಪುವ ಮೊದಲು ಇಂಟರ್ನೆಟ್ ಕಂಪನಿಯ ಉಪಕರಣಗಳನ್ನು ಹಾದು ಬರುತ್ತದೆ. ಅಲ್ಲಿ ಅದನ್ನು ಓದಬಹುದು, ಜಾಹೀರಾತು ತುರುಕಬಹುದು, ಠೇವಣಿ ಬಡ್ಡಿದರದ ಅಂಕಿಯನ್ನೇ ತಿದ್ದಬಹುದು. ಇದು ಊಹೆಯ ಮಾತಲ್ಲ. ಏರ್‌ಟೆಲ್ 3ಜಿ ಜಾಲದಲ್ಲಿ ಗ್ರಾಹಕರು ನೋಡುವ ಪುಟಗಳೊಳಗೆ ಹೊರಗಿನ ಜಾವಾಸ್ಕ್ರಿಪ್ಟ್ (ಬ್ರೌಸರ್‌ನಲ್ಲಿ ಓಡುವ ಪುಟ್ಟ ಪ್ರೋಗ್ರಾಂ) ಸೇರುತ್ತಿದ್ದುದನ್ನು 2015ರಲ್ಲಿ ಬೆಂಗಳೂರಿನ ಪ್ರೋಗ್ರಾಮರ್ ಒಬ್ಬರು ಬಯಲಿಗೆ ತಂದರು. ಡೇಟಾ ಬಳಕೆಯ ಲೆಕ್ಕ ತೋರಿಸಲು ಎಂಬುದು ಕಂಪನಿಯ ಸಮಜಾಯಿಷಿ. ಲೆಕ್ಕ ತೋರಿಸಲು ಬೇರೆಯವರ ಪುಟಕ್ಕೆ ಕೈ ಹಾಕಬೇಕಿಲ್ಲ. ಅಮೆರಿಕದ ಮೊಬೈಲ್ ಕಂಪನಿ ವೆರೈಜನ್, ಗ್ರಾಹಕರು ತಾಣಗಳಿಗೆ ಕಳಿಸುವ ಕೋರಿಕೆಗಳಿಗೆ ಗುರುತಿನ ಸಂಕೇತ ಅಂಟಿಸಿ ಕಳಿಸುತ್ತಿತ್ತು, 2016ರಲ್ಲಿ 13.5 ಲಕ್ಷ ಡಾಲರ್ ದಂಡ ತೆತ್ತಿತು.

ಖರ್ಚಿನ ನೆಪ ಈಗ ಉಳಿದಿಲ್ಲ. ಎಚ್‌ಟಿಟಿಪಿಎಸ್‌ಗೆ ಬೇಕಾದ, ತಾಣದ ಗುರುತು ಖಾತರಿಪಡಿಸುವ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರ ಡಿಸೆಂಬರ್‌ನಿಂದ ಎಲ್ಲರಿಗೂ ಪುಕ್ಕಟೆ ಕೊಡುತ್ತಿದೆ. ಎಡವುವುದು ಆಮೇಲೆ. ಪ್ರಮಾಣಪತ್ರದ ಅವಧಿ ಹೆಚ್ಚೆಂದರೆ 90 ದಿನ. ಸರ್ಟ್‌ಬಾಟ್ ಎಂಬ ತಂತ್ರಾಂಶ ಅದನ್ನು ತಾನೇ ನವೀಕರಿಸುತ್ತದೆ ನಿಜ, ಆದರೆ ಸರ್ವರ್ ಕಾಯುವ ಫೈರ್‌ವಾಲ್‌ನಲ್ಲಿ 80ನೇ ಪೋರ್ಟ್ (ಎಚ್‌ಟಿಟಿಪಿ ಬಳಸುವ ದ್ವಾರ) ಮುಚ್ಚಿದ್ದರೆ ಸಾಮಾನ್ಯವಾಗಿ ತಾಣ ನಿಮ್ಮದೇ ಎಂಬ ಪರಿಶೀಲನೆ ವಿಫಲವಾಗಿ, ಅವಧಿ ಮುಗಿದ ದಿನ ಗ್ರಾಹಕರಿಗೆ ಎಚ್ಚರಿಕೆಯ ಪುಟ ಕಾಣುತ್ತದೆ. ಆ ಪೋರ್ಟ್ ತೆರೆದೇ ಇರಲಿ. ಅಲ್ಲಿಗೆ ಬಂದವರನ್ನು 301 (ಕಾಯಂ) ಮರುನಿರ್ದೇಶನದಿಂದ ಎಚ್‌ಟಿಟಿಪಿಎಸ್‌ಗೆ ಕಳಿಸಲಿ. ನವೀಕರಣವನ್ನು ‘ಡ್ರೈ ರನ್’ (ಪ್ರಯೋಗದ ಓಟ) ಆಯ್ಕೆಯಲ್ಲಿ ಒಮ್ಮೆ ನಡೆಸಿದರೆ ತೊಡಕು ಮೊದಲೇ ತಿಳಿಯುತ್ತದೆ. ಹಳೆಯ ಪುಟದಲ್ಲಿ ಸ್ಕ್ರಿಪ್ಟ್‌ನ ಕೊಂಡಿ ಎಚ್‌ಟಿಟಿಪಿಯಲ್ಲೇ ಉಳಿದಿದ್ದರೆ ಬ್ರೌಸರ್ ಅದನ್ನು ತಡೆಯುತ್ತದೆ, ಬಡ್ಡಿ ಲೆಕ್ಕದ ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ. ಎಲ್ಲ ಸರಿಹೋದ ಮೇಲಷ್ಟೇ ಎಚ್‌ಎಸ್‌ಟಿಎಸ್ ಹಾಕಿ. ಇಷ್ಟು ಕಾಲ ಎಚ್‌ಟಿಟಿಪಿಎಸ್‌ನಲ್ಲೇ ಬಾ ಎಂದು ಬ್ರೌಸರ್‌ಗೆ ಹೇಳುವ ಸೂಚನೆ ಅದು: ಮೊದಲು 300 ಸೆಕೆಂಡು, ಆಮೇಲೆ 31536000, ಅಂದರೆ ಒಂದು ವರ್ಷ. ಮೊದಲೇ ವರ್ಷಕ್ಕೆ ಹಾಕಿ ಪ್ರಮಾಣಪತ್ರ ಕೈಕೊಟ್ಟರೆ, ಗ್ರಾಹಕರು ಎಚ್ಚರಿಕೆ ದಾಟಿ ಒಳಬರಲೂ ಆಗದು.

ಬಳಕೆದಾರರ ಕಡೆ ಉಳಿಯುವುದು ಡಿಎನ್‌ಎಸ್. ತಾಣದ ಹೆಸರು ಕೊಟ್ಟು ಅದರ ಅಂಕಿಗಳ ವಿಳಾಸ ಕೇಳುವ ಈ ಕೋರಿಕೆ ಸಾಮಾನ್ಯವಾಗಿ ತೆರೆದೇ ಹೋಗುತ್ತದೆ. ಇಲ್ಲದ ಹೆಸರು ಟೈಪಿಸಿದಾಗ ಜಾಹೀರಾತು ಪುಟ ತೋರಿಸಲು ಕಂಪನಿಗೆ ಇದೇ ದಾರಿ. ಆಂಡ್ರಾಯ್ಡ್ 9 ಹಾಗೂ ನಂತರದ ಫೋನಿನಲ್ಲಿ ಈ ಕೋರಿಕೆಯನ್ನು ಗುಪ್ತವಾಗಿ ಕಳಿಸುವ ‘ಪ್ರೈವೇಟ್ ಡಿಎನ್‌ಎಸ್’ ಸೆಟ್ಟಿಂಗ್‌ಗೆ ಹೋಗಿ, ನೀವು ನಂಬುವ ಡಿಎನ್‌ಎಸ್ ಸೇವೆಯ ಹೆಸರು ತುಂಬಿ. ಆಮೇಲೆ ನೆಟ್ ನಿಂತರೆ ಅದು ಬಳಸುವ 853ನೇ ಪೋರ್ಟನ್ನು ಕಂಪನಿ ತಡೆದಿರಬಹುದು. ‘ಆಟೋಮ್ಯಾಟಿಕ್’ಗೆ ಮರಳಿ, ಕ್ರೋಮ್‌ನ ‘ಸೆಕ್ಯೂರ್ ಡಿಎನ್‌ಎಸ್’ ಬಳಸಿ. ಅದು ಎಚ್‌ಟಿಟಿಪಿಎಸ್ ಬಳಸುವ 443ನೇ ಪೋರ್ಟ್‌ನಲ್ಲೇ ಸಾಗುವುದರಿಂದ ತಡೆಯುವುದು ಕಷ್ಟ. ಇಷ್ಟಾದರೂ ಸಂಪರ್ಕದ ಆರಂಭದಲ್ಲಿ ತಾಣದ ಹೆಸರು ಬಹುತೇಕ ಕಂಪನಿಗೆ ಕಾಣುತ್ತದೆ. ಎಚ್‌ಟಿಟಿಪಿಎಸ್ ತಾಣವಾದರೆ ಪುಟದ ವಿಷಯ, ಪಾಸ್‌ವರ್ಡ್ ಕಾಣುವುದಿಲ್ಲ.

ನೆಟ್ ಜೋಡಿಸಲು ಬಂದವರು ಫೋನಿಗೆ ‘ರೂಟ್ ಸರ್ಟಿಫಿಕೇಟ್’ (ಯಾರು ಕೊಟ್ಟ ಪ್ರಮಾಣಪತ್ರ ನಂಬಬೇಕೆಂದು ಫೋನಿಗೆ ಹೇಳುವ ಮೂಲ ಪ್ರಮಾಣಪತ್ರ) ಹಾಕಿಕೊಳ್ಳಿ ಎಂದರೆ ಖಂಡಿತ ಒಪ್ಪಬೇಡಿ. ಅದೊಂದು ಒಳಬಂದರೆ ಬ್ರೌಸರ್‌ನ ಎಚ್‌ಟಿಟಿಪಿಎಸ್ ಪುಟಗಳನ್ನೂ ನಡುವೆ ಬಿಚ್ಚಿ ಓದಲು ಅವರಿಗೆ ಸಾಧ್ಯವಾಗುತ್ತದೆ.

– ನೆಟ್‌ವರ್ಕ್ ತಂತ್ರಜ್ಞ, ಟಿಳಕವಾಡಿ, ಬೆಳಗಾವಿ