ಗೆಳೆಯನಿಗೊಂದು ಪತ್ರ: ಓಡನ್, ಡ್ಯುರಾಂಟ್ ಮತ್ತು ಗೋಡೆ ಮೇಲಿನ ಗೀಟು

ಲೋ ಸೀನ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಅರ್ಧ ಮಾತು ನಿನ್ನದು, ಅರ್ಧ ಅಂಗಡಿ ಮುಂದೆ ನಿಂತ ಲಾರಿಯದು. ನನಗೆ ಅರ್ಥವಾಗಿದ್ದು ಇಷ್ಟು: ಬೆಳಗ್ಗೆ ಬೇಗ ಎದ್ದು ಎನ್‌ಬಿಎ, ಅಂದರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್, ನೋಡುವ ಚಟ ನಿನಗೆ ಮತ್ತೆ ಹತ್ತಿದೆ. ಡಿಬಾಂಟ್ಸಾ, ಪೀಟರ್ಸನ್, ಬೂಜರ್ ಅಂತ ಮೂವರು ಕಾಲೇಜು ಹುಡುಗರು, ಇವರಲ್ಲಿ ತಳ ಹಿಡಿದಿರುವ ತಂಡವೊಂದು ಯಾರನ್ನು ತಗೊಂಡು ಮತ್ತೆ ಮೇಲೇಳಬೇಕು ಅಂತ ಕೇಳಿದ್ದೀಯ. ಕೊನೆಗೆ "ನೀನು ಅಲ್ಲೇ ಇದ್ದೀಯಲ್ಲ, ನಿಂಗೆ ಗೊತ್ತಿರತ್ತೆ" ಅಂದೆ. ಅಮೆರಿಕದ ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋದಲ್ಲಿ ಕೂತು ಚಿಪ್ ಟೆಸ್ಟ್ ಮಾಡುವವನಿಗೆ ಇದೆಲ್ಲ ಗೊತ್ತಿರತ್ತೆ ಅನ್ನೋದು, ಬೆಂಗಳೂರಿನವರಿಗೆಲ್ಲ ರಾಜ್‌ಕುಮಾರ್ ಮನೆಯಲ್ಲಿ ಊಟ ಆಗಿತ್ತು ಅಂದ ಹಾಗೆ ಕಣೋ.

ಆದರೂ ಉತ್ತರ ಹೇಳಿಬಿಡ್ತೀನಿ. ಇವತ್ತೇ ನಾಲ್ಕು ಪಂದ್ಯ ಜಾಸ್ತಿ ಗೆಲ್ಲಬೇಕು ಅಂದರೆ ಬೂಜರ್. ಅವನ ಅಪ್ಪ ಕಾರ್ಲೋಸ್ ಬೂಜರ್ ಆಟ ನಾವು ನೋಡಿದ್ದೇವೆ. ರಿಂಗ್ ಕೆಳಗೆ ಎಲ್ಲಿ ನಿಲ್ಲಬೇಕು ಅನ್ನೋದನ್ನು ಮಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ಮೂರು ವರ್ಷ ಸೋಲೋಕೆ ತಯಾರಿದ್ದರೆ ಡಿಬಾಂಟ್ಸಾ. ಆ ಎತ್ತರಕ್ಕೆ ಆ ಓಟ ಸುಲಭಕ್ಕೆ ಸಿಗೋದಲ್ಲ. ತಂಡದಲ್ಲಿ ಬಾಲ್ ಹಿಡಿದು ತಾನೇ ದಾರಿ ಮಾಡಿಕೊಳ್ಳುವವರು ಯಾರೂ ಇಲ್ಲವಾದರೆ ಪೀಟರ್ಸನ್. ಮೂರು ಹೆಸರಿಗೂ ಹೌದು ಅಂದೆ, ನೋಡಿದೆಯಾ? ಅಲ್ಲಿ ಆಟಗಾರರನ್ನು ಹುಡುಕೋ ಸ್ಕೌಟ್‌ಗಳೂ ಇಷ್ಟೇ ಹೇಳೋದು, ಅವರಿಗೆ ಸಂಬಳ ಇದೆ.

ಇಷ್ಟನ್ನು ವಾಟ್ಸಾಪ್‌ನಲ್ಲೇ ಹೇಳಬಹುದಿತ್ತು. ಎಲ್ಲರ ಮುಂದೆ ಯಾಕೆ ಬರೀತಿದ್ದೀನಿ ಅಂದರೆ, ಹೋದ ಸಲ ಗೋಬಿ ಪ್ರಕರಣ ಬರೆದಾಗ ಲೈಕ್ ಚೆನ್ನಾಗಿ ಬಿದ್ದಿತ್ತು.

ಆದರೆ ನಿನ್ನ ಪ್ರಶ್ನೆ ಕೇಳಿದಾಗಿನಿಂದ ತಲೆಯಲ್ಲಿ ಸುತ್ತುತ್ತಿರುವುದು ಈ ಹುಡುಗರಲ್ಲ, 2007. ಈ ಊರಿನಲ್ಲಿ ಆ ವರ್ಷದ ಮಾತೆತ್ತಿದರೆ ವಯಸ್ಸಾದವರು ಕಾಫಿ ಕಪ್ ಕೆಳಗಿಡುತ್ತಾರೆ. ನಿನಗೆ ಕಥೆ ಗೊತ್ತು. ಮಿಕ್ಕವರಿಗೋಸ್ಕರ ಹೇಳ್ತೀನಿ, ನೀನು ಅಷ್ಟರಲ್ಲಿ ಒಂದು ಗಿರಾಕಿಯನ್ನು ನೋಡಿಕೋ.

ಎನ್‌ಬಿಎಯಲ್ಲಿ ಸೋತವರಿಗೆ ಒಂದು ಸಮಾಧಾನದ ಬಹುಮಾನ ಇದೆ. ಪ್ಲೇಆಫ್‌ಗೆ, ಅಂದರೆ ಕೊನೆಯ ನಾಕೌಟ್ ಸುತ್ತಿಗೆ, ಹೋಗದ ತಂಡಗಳ ನಡುವೆ ಲಾಟರಿ ಎತ್ತುತ್ತಾರೆ. ಯಂತ್ರದಲ್ಲಿ 14 ಪಿಂಗ್‌ಪಾಂಗ್ ಚೆಂಡು ಹಾಕಿ ನಾಲ್ಕನ್ನು ತೆಗೆಯುತ್ತಾರೆ. ಆ ನಂಬರಿನ ಜೋಡಣೆ ಯಾರ ಪಾಲಿನದೋ ಅವರಿಗೆ ಹೊಸ ಆಟಗಾರರಲ್ಲಿ ಮೊದಲ ಆಯ್ಕೆ. ಆಗ ಜಾಸ್ತಿ ಸೋತವರಿಗೆ ಜಾಸ್ತಿ ಜೋಡಣೆ ಇತ್ತು. 2007ರಲ್ಲಿ ಎಲ್ಲರಿಗಿಂತ ಕೆಳಗಿದ್ದ ಮೆಂಫಿಸ್‌ಗೆ ಶೇಕಡಾ 25ರಷ್ಟು ಅವಕಾಶ ಇತ್ತು. ಪೋರ್ಟ್‌ಲ್ಯಾಂಡ್‌ಗೆ ಇದ್ದದ್ದು ಶೇಕಡಾ 5.3. ಚೆಂಡು ಪೋರ್ಟ್‌ಲ್ಯಾಂಡ್‌ಗೆ ಬಂತು, ಮೆಂಫಿಸ್ ನಾಲ್ಕನೇ ಜಾಗಕ್ಕೆ ಜಾರಿತು. ಆ ವರ್ಷ ಕೆಳಗಿನಿಂದ ಎರಡನೆಯವರಾಗಿದ್ದ ಬಾಸ್ಟನ್ ಐದಕ್ಕೆ ಬಿತ್ತು. ಅವರು ಅತ್ತುಕೊಂಡು ಕೂರಲಿಲ್ಲ. ಆ ಐದನೇ ಆಯ್ಕೆಯನ್ನು ಸಿಯಾಟಲ್‌ಗೆ ಕೊಟ್ಟು ಪಳಗಿದ ಆಟಗಾರ ರೇ ಆಲನ್‌ನನ್ನು ತಂದರು, ಆಮೇಲೆ ಗಾರ್ನೆಟ್‌ನನ್ನೂ ತಂದರು, 2008ರಲ್ಲಿ ಕಪ್ ಎತ್ತಿದರು. ಅದಕ್ಕೇ ಹೇಳೋದು, ತಂಡ ಕಟ್ಟೋದು ಅಂದರೆ ಹುಡುಗನನ್ನು ಆರಿಸೋದು ಅಂತ ಅಷ್ಟೇ ಅಂದುಕೊಂಡವರು ಬಾಸ್ಟನ್ ಕಡೆ ಒಂದು ಸಲ ನೋಡಬೇಕು.

ಪೋರ್ಟ್‌ಲ್ಯಾಂಡ್ ಮುಂದೆ ಇಬ್ಬರಿದ್ದರು. ಒಹಾಯೋ ಸ್ಟೇಟ್ ಕಾಲೇಜಿನ ಗ್ರೆಗ್ ಓಡನ್, ಏಳಡಿ, ಸೆಂಟರ್, ಅಂದರೆ ರಿಂಗ್ ಕೆಳಗೆ ನಿಂತು ಆಡುವ ದೊಡ್ಡಾಳು. ಬಲಗೈ ಮಣಿಕಟ್ಟಿಗೆ ಪೆಟ್ಟಾಗಿದ್ದಾಗ, ಫೌಲ್ ಆದಾಗ ಸಿಗುವ ಫ್ರೀ ಥ್ರೋಗಳನ್ನು ಎಡಗೈಯಲ್ಲಿ ಹಾಕಿದವನು. ಕಾಲೇಜು ಫೈನಲ್‌ನಲ್ಲಿ ಫ್ಲಾರಿಡಾ ಎದುರು 25 ಪಾಯಿಂಟ್, 12 ರೀಬೌಂಡ್ (ಗುರಿ ತಪ್ಪಿ ವಾಪಸ್ ಬಂದ ಚೆಂಡು ಹಿಡಿಯೋದು). ತಂಡ ಸೋತಿತು, ಇವನು ಸೋತ ಹಾಗೆ ಕಾಣಲಿಲ್ಲ. ಇನ್ನೊಬ್ಬ ಟೆಕ್ಸಸ್‌ನ ಕೆವಿನ್ ಡ್ಯುರಾಂಟ್. ಪಂದ್ಯಕ್ಕೆ ಸರಾಸರಿ 25.8 ಪಾಯಿಂಟ್, ಮೊದಲ ವರ್ಷದ ವಿದ್ಯಾರ್ಥಿಯಾಗಿಯೇ ದೇಶದ ಅತ್ಯುತ್ತಮ ಕಾಲೇಜು ಆಟಗಾರ. ಕಡ್ಡಿ ಮೈ. ಡ್ರಾಫ್ಟ್‌ಗೆ, ಅಂದರೆ ಹೊಸಬರ ಆಯ್ಕೆಗೆ, ಮುಂಚಿನ ಪರೀಕ್ಷೆಯಲ್ಲಿ 185 ಪೌಂಡ್, ಅಂದರೆ ಸುಮಾರು 84 ಕೆಜಿ ಭಾರವನ್ನು ಮಲಗಿ ಎತ್ತಬೇಕಿತ್ತು. ಒಂದು ಸಲವೂ ಎತ್ತಲಾಗಲಿಲ್ಲ. ನಕ್ಕವರು ಬಹಳ ಜನ. ಚೆಂಡಿನ ತೂಕ ಎಷ್ಟು ಅಂತ ಯಾರೂ ನೆನಪಿಸಲಿಲ್ಲ.

ಓಡನ್ ಮೊದಲನೆಯವನಾದ. ಊರಿನ ಮಧ್ಯದ ಪಯನಿಯರ್ ಕೋರ್ಟ್‌ಹೌಸ್ ಚೌಕದಲ್ಲಿ ಜನ ಜಾತ್ರೆ ಸೇರಿ ಸ್ವಾಗತಿಸಿದರು. ಸೆಪ್ಟೆಂಬರ್‌ಗೆ ಮೊಣಕಾಲಿನ ಆಪರೇಷನ್. ಮೊದಲ ಸೀಸನ್ ಪೂರ್ತಿ ಹೋಯಿತು. ಮುಂದಿನ ವರ್ಷ ಮೊದಲ ಪಂದ್ಯದಲ್ಲೇ ಪಾದಕ್ಕೆ ಪೆಟ್ಟು. 2009ರ ಡಿಸೆಂಬರ್‌ನಲ್ಲಿ ಮಂಡಿಚಿಪ್ಪು ಮುರಿಯಿತು. 2012ರಲ್ಲಿ ಕೈಬಿಟ್ಟರು. ಅಷ್ಟೂ ವರ್ಷಗಳಲ್ಲಿ ಪೋರ್ಟ್‌ಲ್ಯಾಂಡ್‌ಗೆ ಆಡಿದ್ದು 82 ಪಂದ್ಯ. ಒಂದು ಸೀಸನ್‌ಗೆ ಇರೋದೂ 82 ಪಂದ್ಯವೇ. ಡ್ಯುರಾಂಟ್ ಎರಡನೆಯವನಾಗಿ ಸಿಯಾಟಲ್‌ಗೆ ಹೋದ. ಆ ವರ್ಷದ ಅತ್ಯುತ್ತಮ ಹೊಸಬ, 2014ರ ಎಂವಿಪಿ, ಅಂದರೆ ಇಡೀ ಲೀಗಿನ ಅತ್ಯುತ್ತಮ ಆಟಗಾರ, ಎರಡು ಕಪ್, 2025ರಲ್ಲಿ 30,000 ಪಾಯಿಂಟ್ ದಾಟಿದ.

ಈಗ ನನ್ನ ವಕಾಲತ್ತು. ನಮ್ಮ ಆಫೀಸಿನ ಊಟದ ಮೇಜಿನಲ್ಲಿ ಈ ವಿಷಯ ಬಂದಾಗಲೆಲ್ಲ ನಾನು ಪೋರ್ಟ್‌ಲ್ಯಾಂಡ್ ಪರ. ಆಗ ಯಾವ ತಂಡವಾದರೂ ಓಡನ್‌ನನ್ನೇ ತಗೊಳ್ತಿತ್ತು ಅನ್ನುತ್ತೇನೆ. ಬ್ರ್ಯಾಂಡನ್ ರಾಯ್, ಆಲ್ಡ್ರಿಜ್ ಅನ್ನೋ ಒಳ್ಳೇ ಆಟಗಾರರು ತಂಡದಲ್ಲಿ ಆಗಲೇ ಇದ್ದರು, ಬೇಕಾಗಿದ್ದದ್ದು ಒಬ್ಬ ಸೆಂಟರ್. ಮೊಣಕಾಲು ಭವಿಷ್ಯ ಹೇಳಲ್ಲ. ಯಾರಾದರೂ 1984ರ ಮಾತು ತೆಗೆದು, ಜೋರ್ಡನ್‌ನನ್ನು ಬಿಟ್ಟು ಸ್ಯಾಮ್ ಬೋವಿಯನ್ನು ತಗೊಂಡರಲ್ಲ ಅಂದರೆ, ಅದು ಬೇರೆ ಇದು ಬೇರೆ ಅಂತ ಮೇಜು ಕುಟ್ಟುತ್ತೇನೆ. ಬೋವಿ ಕಾಲೇಜಿನಲ್ಲಿದ್ದಾಗಲೇ ಕಾಲಿನ ಮೂಳೆ ಸೀಳಿ ಎರಡು ಸೀಸನ್ ಮನೆಯಲ್ಲಿ ಕೂತಿದ್ದ, ಅದು ಎಲ್ಲರಿಗೂ ಕಾಣುತ್ತಿತ್ತು. ಇನ್ನೂ ವಾದ ಮುಗಿಯದಿದ್ದರೆ ಬಿಲ್ ವಾಲ್ಟನ್‌ನನ್ನು ಕರೆತರುತ್ತೇನೆ. 1974ರ ಮೊದಲ ಆಯ್ಕೆ ಅವನು, ಅವನ ಪಾದಗಳೂ ಕೈಕೊಟ್ಟವು, ಆದರೆ 1977ರಲ್ಲಿ ಈ ಊರಿಗೆ ಇರುವ ಒಂದೇ ಒಂದು ಕಪ್ ತಂದವನೂ ಅವನೇ. ದೊಡ್ಡ ಮನುಷ್ಯರ ಮೇಲೆ ಈ ಊರಿಗೆ ಆಸೆ ಹುಟ್ಟಿದ್ದು ಸುಮ್ಮನೆ ಅಲ್ಲ.

ಚೆನ್ನಾಗಿ ವಾದ ಮಾಡ್ತೀನಿ ಅಲ್ವಾ? ಹಳೇ ಬಟ್ಟೆ ಅಂಗಡಿಯಲ್ಲಿ ಸಿಕ್ಕ ಓಡನ್‌ನ 52ನೇ ನಂಬರ್ ಜೆರ್ಸಿ ಕೂಡ ನನ್ನ ಹತ್ತಿರ ಇದೆ. ಹುಲ್ಲು ಕತ್ತರಿಸುವಾಗ ಹಾಕುತ್ತೇನೆ. ಪಕ್ಕದ ಮನೆಯ ಅಜ್ಜ ನೋಡಿ ತಲೆ ಆಡಿಸುತ್ತಾರೆ.

ಮೊನ್ನೆ ನಿನ್ನ ಮೆಸೇಜ್ ಎರಡನೇ ಸಲ ಕೇಳುವಾಗ ಹೊಳೆಯಿತು. ಇಷ್ಟು ವರ್ಷ ನಾನು ಪೋರ್ಟ್‌ಲ್ಯಾಂಡ್ ಪರ ವಾದ ಮಾಡುತ್ತಿಲ್ಲ ಸೀನ. ನಮ್ಮ ಸರ್ ಪರ ವಾದ ಮಾಡುತ್ತಿದ್ದೇನೆ.

ಯಾವ ಸರ್ ಅಂತ ನಿನಗೆ ಗೊತ್ತು. ಜಿಲ್ಲಾ ತಂಡದಲ್ಲಿ ಒಂದೇ ಜಾಗ ಉಳಿದಿತ್ತು, ನಾವಿಬ್ಬರು ಇದ್ದೆವು. ಆಟ ನೋಡಿ ಮುಗಿದಿತ್ತು. ನೀನು ಹಾಕಿದ್ದೆಲ್ಲ ಒಳಗೆ ಹೋಗಿತ್ತು, ನಾನು ಹಾಕಿದ್ದು ಹಲಗೆಗೆ ಬಡಿದು ಹುಣಸೆ ಮರದವರೆಗೆ ಹೋಗಿತ್ತು. ಆಮೇಲೆ ಸರ್ ಇಬ್ಬರನ್ನೂ ಸ್ಟೋರ್ ರೂಮಿನ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ಸೀಮೆಸುಣ್ಣದಲ್ಲಿ ಗೀಟು ಎಳೆದರು. ಎರಡು ಗೀಟಿನ ನಡುವೆ ನಿಮ್ಮಪ್ಪನ ಗೇಣಿಗಿಂತ ಕಮ್ಮಿ ಇತ್ತು. "ಆಟ ಕಲಿಸಬಹುದು ಕಣ್ರೋ, ಎತ್ತರ ಕಲಿಸೋಕಾಗಲ್ಲ" ಅಂದರು. ನಾನು ಹೋದೆ. ಹೋಗಿ ಬೆಂಚ್ ಮೇಲೆ ಕೂತೆ. ಟ್ರ್ಯಾಕ್‌ಸೂಟ್ ಬಂತು, ಸರ್ಟಿಫಿಕೇಟ್ ಬಂತು. ಆ ಸರ್ಟಿಫಿಕೇಟ್ ಇಟ್ಟುಕೊಂಡು ಕ್ರೀಡಾ ಕೋಟಾದಲ್ಲಿ ಬೆಂಗಳೂರಿನಲ್ಲಿ ಪಿಯು ಸೀಟು ಸಿಕ್ಕಿತು, ಹಾಸ್ಟೆಲ್ ಸಿಕ್ಕಿತು, ಅಲ್ಲಿಂದ ಇಂಜಿನಿಯರಿಂಗ್, ಅಲ್ಲಿಂದ ಇಲ್ಲಿ. ಬುದ್ಧಿಯಿಂದ ಬಂದೆ ಅಂತ ಊರಿನವರು ಅಂದುಕೊಂಡಿದ್ದಾರೆ. ನಮ್ಮಮ್ಮನೂ.

ಸರ್ ಮಾಡಿದ್ದು ತಪ್ಪು ಅಂತ ನಾನು ಇವತ್ತಿಗೂ ಹೇಳಲ್ಲ. ನನ್ನನ್ನು ತಿನ್ನುತ್ತಿರುವುದು ಬೇರೆ. ಓಡನ್‌ನನ್ನು ಆರಿಸಿದ್ದು ಎಡವಟ್ಟಾಯಿತು ಅಂತ ಜಗತ್ತಿಗೆ ಹೇಗೆ ಗೊತ್ತಾಯಿತು ಹೇಳು? ಡ್ಯುರಾಂಟ್ ಆಡುತ್ತಲೇ ಇದ್ದನಲ್ಲ, ಅದರಿಂದ. ಅಲ್ಲಿ ಒಬ್ಬರು ಬಿಟ್ಟವನನ್ನು ಐದೇ ನಿಮಿಷದಲ್ಲಿ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಹಾಗಾಗಿ ಬಿಟ್ಟವರ ಲೆಕ್ಕ ವರ್ಷಗಟ್ಟಲೆ ಟಿವಿಯಲ್ಲಿ ಓಡುತ್ತಿರುತ್ತದೆ. ನಮ್ಮ ಕಡೆ ಬಿಟ್ಟವನು ಬಸ್ ಹತ್ತಿ ಮನೆಗೆ ಹೋಗುತ್ತಾನೆ. ಮಾರನೇ ದಿನದಿಂದ ಅಪ್ಪನ ಅಂಗಡಿ. ಲೆಕ್ಕ ಅಲ್ಲಿಗೆ ಬಂದ್. ಆರಿಸಿದವರು ಯಾವತ್ತೂ ಸೋಲಲ್ಲ, ಯಾಕೆಂದರೆ ಎದುರು ಆಡೋನೇ ಇಲ್ಲ.

ನೀನು ಆಟ ಬಿಟ್ಟೆ ಅಂತ ಹಾಸ್ಟೆಲ್‌ಗೆ ಬಂದ ಕಾಗದದಲ್ಲಿ ಓದಿದಾಗ ನನಗೆ ಬೇಜಾರಾಗಲಿಲ್ಲ ಕಣೋ. ಹಗುರ ಆಯಿತು. ಇನ್ನು ಯಾರೂ ನಮ್ಮಿಬ್ಬರನ್ನು ಪಕ್ಕಪಕ್ಕ ಇಟ್ಟು ನೋಡಲ್ಲ ಅಂತ. ನಿನಗೆ ವಾಪಸ್ ಬರೆದ ಕಾಗದದಲ್ಲಿ "ಬಿಡಬೇಡ್ವೋ, ಪ್ರಾಕ್ಟೀಸ್ ಮಾಡು" ಅಂತ ಬರೆದೆ. ಚೆನ್ನಾಗಿ ಬರೆದಿದ್ದೆ, ನೀನು ಅದನ್ನು ಎಲ್ಲರಿಗೂ ತೋರಿಸಿದೆಯಂತೆ. ಆ ಕಾಗದ ಪೆಟ್ಟಿಗೆಗೆ ಹಾಕುವಾಗ, ಇವನು ನನ್ನ ಮಾತು ಕೇಳದೇ ಇದ್ದರೆ ಸಾಕಪ್ಪ ಅಂತಲೂ ಅನ್ನಿಸಿತ್ತು. ಆಮೇಲೆ ಪ್ರತಿ ಸಲ ಊರಿಗೆ ಬಂದಾಗ ನೀನು ಕೋರ್ಟ್ ಕಡೆ ಹೋಗೋಣ ಅನ್ನುತ್ತೀಯ, ನನಗೆ ಏನೋ ಕೆಲಸ ಬರುತ್ತದೆ. ನಿನ್ನ ಕೈ ಇವತ್ತಿಗೂ ಹಾಗೇ ಇದ್ದರೆ ಅನ್ನೋ ಭಯ. ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ.

ಮೈಕ್ ಕಾನ್ಲಿ ವಿಷಯ ಹೇಳಿ ಮಾತು ತಿರುಗಿಸ್ತೀನಿ. ಇಂಡಿಯಾನಾಪೊಲಿಸ್‌ನಲ್ಲಿ ಓಡನ್ ಜೊತೆ ಸ್ಕೂಲಿಗೆ ಹೋದವನು, ಒಹಾಯೋ ಸ್ಟೇಟ್‌ಗೂ ಜೊತೆಗೇ ಹೋದವನು. ಅವನ ಅಪ್ಪ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಟ್ರಿಪಲ್ ಜಂಪ್ ಚಿನ್ನ ಗೆದ್ದವರು. ಏಳಡಿಯವನಿಗೆ ಬಾಲ್ ಪಾಸ್ ಮಾಡುತ್ತಿದ್ದ ಈ ಸಣ್ಣ ಗಾರ್ಡ್‌ನನ್ನು, ಲಾಟರಿಯಲ್ಲಿ ಜಾರಿಬಿದ್ದ ಆ ಮೆಂಫಿಸ್ ಅದೇ ರಾತ್ರಿ ನಾಲ್ಕನೆಯವನಾಗಿ ತಗೊಂಡಿತು. ಆ ರಾತ್ರಿ ಅವನ ಬಗ್ಗೆ ಯಾರೂ ಮೇಜು ಕುಟ್ಟಲಿಲ್ಲ. 2025ರಲ್ಲೂ ಅವನು ಆಡುತ್ತಿದ್ದ. ಓಡನ್ ಮಾತ್ರ, ಮುಗಿದ ಮೇಲೆ ಮತ್ತೆ ಒಹಾಯೋ ಸ್ಟೇಟ್‌ಗೆ ಹೋಗಿ ಡಿಗ್ರಿ ಮುಗಿಸಿದ. ಆ ಏಳಡಿ ಮನುಷ್ಯ ಕ್ಲಾಸಿನ ಬೆಂಚಿನಲ್ಲಿ ಕಾಲು ಎಲ್ಲಿ ಇಟ್ಟುಕೊಂಡನೋ. ಅವನನ್ನು ಯಾರಾದರೂ ಲೇವಡಿ ಮಾಡಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅವನೇನು ನನ್ನನ್ನು ಆರಿಸಿ ಅಂತ ಗೋಡೆಗೆ ಹೋಗಿ ನಿಂತಿದ್ದನೇ? ಉದ್ದ ಬೆಳೆದ, ಅಷ್ಟೇ.

ಆಯಿತು, ಆಯಿತು. ಓಡನ್‌ಗೆ ಹೋಲಿಸಿಕೊಳ್ಳೋಕೂ ಒಂದು ಯೋಗ್ಯತೆ ಬೇಕು. ಅವನು ಫೈನಲ್‌ನಲ್ಲಿ 25 ಪಾಯಿಂಟ್ ಹೊಡೆದವನು, ನಾನು ಜಿಲ್ಲಾ ತಂಡದಲ್ಲಿ ನೀರಿನ ಬಾಟಲಿ ಎಣಿಸಿದವನು. ಅದೂ ಆರಡಿ ಅಂತ ಬರೆಸಿದ್ದು ಆಗಿದ್ದ ಕೂದಲನ್ನೂ ಸೇರಿಸಿ. ಆ ಕೂದಲು ಈಗ ಎಲ್ಲಿದೆ ಅಂತ ಕೇಳಬೇಡ, ಅಳೆದರೆ ಇವತ್ತು ಸರ್ ನಿನ್ನನ್ನೇ ಆರಿಸುತ್ತಾರೆ. ನೀನೂ ಅಂಗಡಿಯನ್ನು ಎರಡು ಅಂತಸ್ತು ಮಾಡಿ, ಮಗಳನ್ನು ಡಾಕ್ಟರ್ ಓದಿಸುತ್ತಾ, ನನಗಿಂತ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೀಯ. ನಿನ್ನ ಬಗ್ಗೆ ಯಾರಾದರೂ ಕಾಮೆಂಟ್‌ನಲ್ಲಿ ಅಯ್ಯೋ ಪಾಪ ಅಂದರೆ ನಾನೇ ಅಳಿಸುತ್ತೇನೆ.

ನನ್ನವಳು ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಸೀನಣ್ಣ ಫೋನ್ ಮಾಡಿದರೆ ನೀವೇ ಎತ್ತಬೇಕು, ಸ್ನಾನಕ್ಕೆ ಹೋಗಿದ್ದಾರೆ ಅಂತ ನಾನು ಹೇಳಲ್ಲ" ಅಂದಳು. ಡಿಸೆಂಬರ್‌ನಲ್ಲಿ ಬರುತ್ತಿದ್ದೇವೆ. ಕೋರ್ಟ್‌ನಲ್ಲಿ ಫ್ರೀ ಥ್ರೋ ಪಂದ್ಯ ಇಡು, ಈ ಸಲ ಕೆಲಸ ಬರಲ್ಲ. ಸೋತವರು ದೋಸೆ ಕೊಡಿಸಬೇಕು. ದುಡ್ಡು ಈಗಲೇ ಬದಲಾಯಿಸಿ ಇಟ್ಟುಕೊಳ್ತೀನಿ.

ಇನ್ನೊಂದು. ಕಾಮೆಂಟ್‌ನಲ್ಲಿ ಏನು ಬೇಕಾದರೂ ಬರಿ, ಹಸಿರು ಸಾಕ್ಸ್ ವಿಷಯ ಮಾತ್ರ ಬೇಡ. ನಮ್ಮ ಹೊಸ ಮ್ಯಾನೇಜರ್ ದಾವಣಗೆರೆಯವರು, ಕನ್ನಡ ಚೆನ್ನಾಗಿ ಓದ್ತಾರೆ.

ಇಂತಿ ನಿನ್ನ,
ಲಂಬು