ಆ ಮೂಲೆಯ ಪೇಪರ್ ಅಂಗಡಿ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಹೋದ ತಿಂಗಳು ನಿಮ್ಮ ಮನೆಗೆ ಬಂದಿದ್ದಾಗ ನಾವಿಬ್ಬರೂ ಜಗಳ ಆಡಿದೆವಲ್ಲ, ಅದು ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ಊಟ ಮುಗಿಸಿ ನೀನು ‘ವಾಚ್‌ಮೆನ್’ ಹಾಕಿದೆ. ಮುಗಿಯುವಾಗ ಮಧ್ಯರಾತ್ರಿ ದಾಟಿತ್ತು. ಸೂಪರ್‌ಹೀರೋ ಸಿನಿಮಾ ಅಂದ್ರೆ ಇದು, ಇದರ ಮುಂದೆ ಉಳಿದದ್ದೆಲ್ಲ ಮಕ್ಕಳಾಟ ಅಂದೆ ನೀನು. ಏನೋ ಒಂದು ಸರಿ ಇಲ್ಲ ಅಂದೆ ನಾನು. ಏನು ಸರಿ ಇಲ್ಲ ಅಂತ ನೀನು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿನಗೆ ಬೇಜಾರಾಯಿತು. ಆಗಬೇಕಾದ್ದೇ.

ವಾಪಸ್ ಬಂದ ಮೇಲೆ ಅಟ್ಟದ ಪೆಟ್ಟಿಗೆಯಿಂದ ಆ ಸಿನಿಮಾಕ್ಕೆ ಮೂಲವಾದ ಕಾಮಿಕ್ಸ್ ಇಳಿಸಿದೆ. ಕಾಲೇಜಿನ ಕೊನೆಯ ವರ್ಷ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯಲ್ಲಿ ಇಬ್ಬರೂ ದುಡ್ಡು ಸೇರಿಸಿ ಕೊಂಡಿದ್ದೆವಲ್ಲ, ಅದೇ ಪ್ರತಿ. ಒಟ್ಟು 12 ಸಂಚಿಕೆ. ರಾತ್ರಿಗೆ ಒಂದೇ ಸಂಚಿಕೆ ಅಂತ ನಿಯಮ ಹಾಕಿಕೊಂಡು ಓದಿದೆ. ಹನ್ನೊಂದನೆಯ ರಾತ್ರಿ ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಅದನ್ನು ಹೇಳೋಕೇ ಈ ಪತ್ರ. ನೀನು ಎರಡನ್ನೂ ಬಲ್ಲವನು, ಹಾಗಾಗಿ ಕಥೆಯ ಕೊನೆಯನ್ನೂ ಮುಚ್ಚಿಡದೆ ಬರೆಯುತ್ತೇನೆ.

ಸಿನಿಮಾದಲ್ಲಿ ನನಗೆ ಇಷ್ಟವಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಶುರುವಿನ ಟೈಟಲ್ ಕಾರ್ಡ್ ಇದೆಯಲ್ಲ, ಬಾಬ್ ಡಿಲನ್ ಹಾಡಿನ ಹಿನ್ನೆಲೆಯಲ್ಲಿ ಬರೋದು, ಅದನ್ನು ಎಷ್ಟು ಸಲ ಬೇಕಾದರೂ ನೋಡಬಲ್ಲೆ. 1940ರ ಮುಖವಾಡದ ಗುಂಪು ಫೋಟೋಗೆ ನಿಲ್ಲುತ್ತದೆ. ಯುದ್ಧ ಗೆದ್ದ ದಿನ ನಡುಬೀದಿಯಲ್ಲಿ ನರ್ಸ್ ಒಬ್ಬಳಿಗೆ ಮುತ್ತಿಕ್ಕಿದ ಆ ಹೆಂಗಸು, ಸ್ವಲ್ಪ ಹೊತ್ತಿಗೆ ತನ್ನ ಗೆಳತಿಯ ಪಕ್ಕದಲ್ಲಿ ಹಾಸಿಗೆಯ ಮೇಲೆ ಹೆಣವಾಗಿರುತ್ತಾಳೆ. ಒಬ್ಬನನ್ನು ಹುಚ್ಚಾಸ್ಪತ್ರೆಗೆ ಎಳೆದೊಯ್ಯುತ್ತಾರೆ. ಇನ್ನೊಬ್ಬನ ನಿಲುವಂಗಿ ಬ್ಯಾಂಕಿನ ತಿರುಗುಬಾಗಿಲಿಗೆ ಸಿಕ್ಕಿಕೊಂಡು ಅವನು ಗುಂಡು ತಿಂದು ಸತ್ತಿರುತ್ತಾನೆ. ಚಂದ್ರನ ಮೇಲೆ ಕಾಲಿಟ್ಟವನ ಫೋಟೋ ತೆಗೆಯುವವನು ನೀಲಿ ಮೈಯ ಡಾಕ್ಟರ್ ಮ್ಯಾನ್‌ಹಟನ್. ಹೆಚ್ಚುಕಮ್ಮಿ ಮಾತೇ ಇಲ್ಲದೆ ಸುಮಾರು ನಲವತ್ತು ವರ್ಷ ಕಣ್ಣಮುಂದೆ ಹಾದುಹೋಗುತ್ತದೆ. ಇದನ್ನು ಪುಸ್ತಕದಿಂದ ನಕಲು ಮಾಡಿಲ್ಲ. ನಿರ್ದೇಶಕ ಜ್ಯಾಕ್ ಸ್ನೈಡರ್ ತನ್ನ ಕಣ್ಣಿಂದ ಕಂಡು ಮಾಡಿದ್ದು. ಇಡೀ ಸಿನಿಮಾದಲ್ಲಿ ಅವನು ಪುಸ್ತಕದ ಕೈ ಬಿಟ್ಟ ಕಡೆಯೇ ಚೆನ್ನಾಗಿ ನಡೆದಿದ್ದಾನೆ ಅಂತ ನನಗೆ ಅನ್ನಿಸಿತು.

ರೋರ್ಶಾಕ್ ಪಾತ್ರದ ಜ್ಯಾಕಿ ಅರ್ಲ್ ಹೇಲಿ ಬಗ್ಗೆ ನಿನ್ನ ಮಾತು ನೂರಕ್ಕೆ ನೂರು ಸರಿ. ಸಿನಿಮಾದ ಹೆಚ್ಚಿನ ಹೊತ್ತು ಮುಖವೇ ಕಾಣದೆ, ಬರೀ ದನಿಯಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸೋದು ಸಣ್ಣ ಕೆಲಸ ಅಲ್ಲ. ಕೊನೆಗೆ ಹಿಮದಲ್ಲಿ ನಿಂತು, ಮುಖವಾಡ ಕಿತ್ತು, ಕೊಲ್ಲು ನನ್ನನ್ನು ಅಂತ ಅಳುತ್ತಾನಲ್ಲ, ಆಗ ನನ್ನ ಗಂಟಲೂ ಕಟ್ಟಿತ್ತು. ಆದರೆ ಅಲ್ಲೂ ಒಂದು ಸಣ್ಣ ಬದಲಾವಣೆ ಇದೆ ನೋಡು. ಸಿನಿಮಾದಲ್ಲಿ ಅವನ ಗೆಳೆಯ ನೈಟ್ ಔಲ್ ದೂರದಿಂದ ನೋಡುತ್ತಾನೆ, ಮೊಣಕಾಲೂರಿ ಕೂಗುತ್ತಾನೆ. ಪುಸ್ತಕದಲ್ಲಿ ಅದನ್ನು ಯಾರೂ ನೋಡುವುದಿಲ್ಲ. ಯಾರಿಗೂ ಬೇಡವಾಗಿ ಬದುಕಿದವನು ಹಾಗೇ ಸಾಯುತ್ತಾನೆ. ಹಿಮದ ಮೇಲೆ ಒಂದು ಕೆಂಪು ಕಲೆ, ಅಷ್ಟೇ. ಆ ಒಂಟಿತನವೇ ನನಗೆ ಜಾಸ್ತಿ ನೋವು ಕೊಟ್ಟಿತು.

ಈಗ ನನ್ನ ತಕರಾರಿಗೆ ಬರುತ್ತೇನೆ. ಮೊದಲನೆಯ ಹೊಡೆದಾಟ ನೆನಪಿಸಿಕೋ. ಕಾಮಿಡಿಯನ್ ಅನ್ನೋ ಹೆಸರಿನ ಮುಖವಾಡದವನನ್ನು ಅವನ ಮನೆಯಲ್ಲೇ ಕೊಲ್ಲೋದು. ಸಿನಿಮಾದಲ್ಲಿ ನಿಮಿಷಗಟ್ಟಲೆ ನಡೆಯುತ್ತದೆ. ಗಾಜು ಒಡೆಯುತ್ತದೆ, ಗೋಡೆ ಕಿತ್ತು ಬರುತ್ತದೆ, ಒಂದೊಂದು ಏಟೂ ಸ್ಲೋ ಮೋಷನ್ನಿನಲ್ಲಿ. ಪುಸ್ತಕ ತೆಗೆದು ನೋಡು. ಇಬ್ಬರು ಪೊಲೀಸರು ಖಾಲಿ ಮನೆಯಲ್ಲಿ ಓಡಾಡುತ್ತಾ ಮಾತಾಡುತ್ತಾರೆ. ಅವರ ಮಾತಿನ ನಡುನಡುವೆ ಕೊಲೆಯ ಕೆಲವು ಕೆಂಪು ಚಿತ್ರಗಳು ಇಣುಕಿ ಹೋಗುತ್ತವೆ. ಅಲ್ಲಿ ಕಾಣೋದು ಒಬ್ಬ ವಯಸ್ಸಾದ ಮನುಷ್ಯ ಒದೆ ತಿನ್ನುತ್ತಿರುವುದು ಮಾತ್ರ.

ಓಣಿಯ ಹೊಡೆದಾಟವೂ ಹಾಗೇ. ಪುಸ್ತಕದಲ್ಲಿ ನೈಟ್ ಔಲ್ ಅಂದ್ರೆ ಹೊಟ್ಟೆ ಬಂದ, ಕನ್ನಡಕದ, ನಡುವಯಸ್ಸಿನ ಮನುಷ್ಯ. ರೌಡಿಗಳನ್ನು ಹೊಡೆದ ಮೇಲೆ ಅವನೂ ಅವನ ಜೊತೆಗಿದ್ದ ಲೋರಿ ಅನ್ನೋ ಹೆಂಗಸೂ ಗೋಡೆಗೆ ಒರಗಿ ಏದುಸಿರು ಬಿಡುತ್ತಾರೆ. ಒಬ್ಬರ ಮುಖ ಒಬ್ಬರು ನೋಡೋಕೂ ಒಂಥರಾ ಆಗುತ್ತದೆ. ಸಿನಿಮಾದಲ್ಲಿ ಅದೇ ಜಾಗದಲ್ಲಿ ಮೂಳೆ ಮುರಿದು ಚರ್ಮದ ಹೊರಗೆ ಬರುತ್ತದೆ, ಕ್ಯಾಮೆರಾ ಅದನ್ನೇ ಹತ್ತಿರದಿಂದ ತೋರಿಸುತ್ತದೆ. ಡಾಕ್ಟರ್ ಮ್ಯಾನ್‌ಹಟನ್ ಒಬ್ಬನನ್ನು ಬಿಟ್ಟರೆ ಈ ಕಥೆಯಲ್ಲಿ ಯಾರಿಗೂ ವಿಶೇಷ ಶಕ್ತಿ ಇಲ್ಲ ಅನ್ನೋದೇ ನಮಗೆ ಮರೆತುಹೋಗುತ್ತದೆ. ಪುಸ್ತಕದ ಕಥೆ ಬರೆದ ಅಲನ್ ಮೂರ್ ಈ ಮುಖವಾಡದವರನ್ನು ನಾವು ಮೆಚ್ಚಲಿ ಅಂತ ಬರೆದದ್ದಲ್ಲ. ಇವರು ಪಕ್ಕದ ಮನೆಯವರಾಗಿದ್ದರೆ ಎಷ್ಟು ಭಯ ಆಗುತ್ತಿತ್ತು, ಎಷ್ಟು ಅಯ್ಯೋ ಪಾಪ ಅನ್ನಿಸುತ್ತಿತ್ತು ಅಂತ ತೋರಿಸೋಕೆ ಬರೆದದ್ದು. ಸಿನಿಮಾ ಚಿತ್ರಗಳನ್ನು ತಂದಿದೆ, ಆ ಭಯವನ್ನು ಬಿಟ್ಟು ಬಂದಿದೆ. ಮೂರ್ ತನ್ನ ಹೆಸರನ್ನೇ ಸಿನಿಮಾದಲ್ಲಿ ಹಾಕಿಸಿಕೊಳ್ಳಲಿಲ್ಲ, ಗೊತ್ತಲ್ಲ. ಚಿತ್ರ ಬರೆದ ಡೇವ್ ಗಿಬ್ಬನ್ಸ್ ಹೆಸರು ಮಾತ್ರ ಇದೆ. ಆದರೆ ಮೂರ್‌ಗೆ ಇಷ್ಟ ಇರಲಿಲ್ಲ ಅನ್ನೋ ಕಾರಣಕ್ಕೆ ನಾನು ಹೀಗೆ ಹೇಳುತ್ತಿಲ್ಲ. ಗಿಬ್ಬನ್ಸ್ ಬರೆದ ಪುಟಗಳನ್ನೇ ಮುಂದೆ ಇಟ್ಟುಕೊಂಡು ಹೇಳುತ್ತಿದ್ದೇನೆ.

ಆ ಪುಟಗಳಲ್ಲೇ ಒಂದು ಪೇಪರ್ ಅಂಗಡಿ ಇದೆ. ನ್ಯೂಯಾರ್ಕಿನ ಒಂದು ಬೀದಿಯ ಮೂಲೆ. ಅಂಗಡಿಯವನು ದಿನವಿಡೀ ರಷ್ಯಾ, ಅಮೆರಿಕ, ಯುದ್ಧ ಅಂತ ಬಾಯಿಗೆ ಬಂದದ್ದು ಮಾತಾಡುತ್ತಾನೆ. ಪಕ್ಕದಲ್ಲಿ ಒಬ್ಬ ಹುಡುಗ ನೆಲಕ್ಕೆ ಕೂತು ಕಡಲುಗಳ್ಳರ ಕಾಮಿಕ್ಸ್ ಓದುತ್ತಿರುತ್ತಾನೆ. ದುಡ್ಡು ಕೊಡೋದಿಲ್ಲ. ಅಂಗಡಿಯವನು ಬೈಯುತ್ತಾನೆ, ಆದರೆ ಎಬ್ಬಿಸಿ ಓಡಿಸುವುದಿಲ್ಲ. ಯುದ್ಧ ಇನ್ನೇನು ಬಂದೇಬಿಟ್ಟಿತು ಅನ್ನಿಸಿದ ದಿನ, ತಗೋ ಮಗಾ ಅಂತ ಆ ಕಾಮಿಕ್ಸನ್ನೂ ತನ್ನ ಟೋಪಿಯನ್ನೂ ಹುಡುಗನಿಗೆ ಕೊಟ್ಟುಬಿಡುತ್ತಾನೆ.

ನನಗೆ ನಮ್ಮ ಸಾಗರದ ಬಸ್‌ಸ್ಟ್ಯಾಂಡ್ ಪಕ್ಕದ ಪೇಪರ್ ಅಂಗಡಿ ನೆನಪಾಯಿತು ಮಾರಾಯ. ಬಾಲಮಂಗಳ ಬರುವ ದಿನ ಶಾಲೆ ಬಿಟ್ಟ ಕೂಡಲೇ ಓಡಿ, ಅಲ್ಲೇ ನಿಂತು ಇಡೀ ಪುಸ್ತಕ ಮುಗಿಸುತ್ತಿದ್ದೆವು. ಆ ಅಜ್ಜ ಗದರುತ್ತಿದ್ದರು, ಪುಟ ಮಡಚಬೇಡ್ರೋ ಅಂತ. ಆದರೆ ಒಂದು ದಿನವೂ ಪುಸ್ತಕ ಕಿತ್ತುಕೊಳ್ಳಲಿಲ್ಲ. ಮಳೆ ಬಂದರೆ ಟಾರ್ಪಾಲಿನ ಒಳಗೆ ಕರೆದು ನಿಲ್ಲಿಸಿಕೊಳ್ಳುತ್ತಿದ್ದರು.

ಹನ್ನೊಂದನೆಯ ಸಂಚಿಕೆಯಲ್ಲಿ ಆ ಬೀದಿಯ ಮೂಲೆಗೆ ಒಬ್ಬೊಬ್ಬರೇ ಬಂದು ಸೇರುತ್ತಾರೆ. ಜೈಲಿನಲ್ಲಿ ರೋರ್ಶಾಕ್‌ಗೆ ಚಿಕಿತ್ಸೆ ಕೊಡೋಕೆ ಹೋಗಿ ತಾನೇ ಕುಸಿದುಹೋದ ಮನೋವೈದ್ಯರು ಬರುತ್ತಾರೆ. ಬಿಟ್ಟುಹೋದ ಹೆಂಡತಿ ಅವರ ಜೊತೆ ಮಾತಾಡೋಕೆ ಅಂತ ಅಲ್ಲಿಗೆ ಬಂದಿರುತ್ತಾಳೆ. ಅಷ್ಟರಲ್ಲಿ ಎದುರಿಗೆ ಇಬ್ಬರು ಹೆಂಗಸರ ನಡುವೆ ಹೊಡೆದಾಟ. ಒಬ್ಬಳು ನೆಲಕ್ಕೆ ಬಿದ್ದಿದ್ದಾಳೆ. ನೀವು ಈಗ ಅದಕ್ಕೆ ತಲೆಹಾಕಿದರೆ ನಾನು ಮತ್ತೆ ಬರೋದಿಲ್ಲ ಅನ್ನುತ್ತಾಳೆ ಹೆಂಡತಿ. ಆದರೂ ಅವರು ಬಿಡಿಸೋಕೆ ಹೋಗುತ್ತಾರೆ. ಮೊದಲ ಪುಟದ ಅದೇ ಇಬ್ಬರು ಪೊಲೀಸರೂ ಕಾರು ನಿಲ್ಲಿಸಿ ಇಳಿಯುತ್ತಾರೆ. ಯಾರ ಮುಖಕ್ಕೂ ಮುಖವಾಡ ಇಲ್ಲ. ಯಾರಿಗೂ ಸಾಹಸದ ಆಸೆ ಇಲ್ಲ. ಬೀದಿಯಲ್ಲಿ ಒಬ್ಬಳಿಗೆ ಏಟು ಬೀಳುತ್ತಿದೆ, ಸುಮ್ನೆ ನೋಡುತ್ತಾ ನಿಲ್ಲೋಕೆ ಆಗಲಿಲ್ಲ, ಅಷ್ಟೇ. ಇಡೀ ಪುಸ್ತಕದಲ್ಲಿ ನಾನು ಹೀರೋ ಅಂತ ಕರೆಯೋದು ಇವರನ್ನು.

ಅಂಗಡಿಯವನೂ ಹುಡುಗನೂ ಅವತ್ತೇ ಮೊದಲ ಸಲ ಹೆಸರು ಕೇಳಿಕೊಳ್ಳುತ್ತಾರೆ. ಇಬ್ಬರ ಹೆಸರೂ ಬರ್ನಾರ್ಡ್. ಆಮೇಲೆ ಬೆಳಕು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರೆ. ಚಿತ್ರ ಬೆಳ್ಳಗಾಗುತ್ತಾ ಹೋಗಿ ಇಬ್ಬರೂ ಅಳಿಸಿಹೋಗುತ್ತಾರೆ. ಪುಸ್ತಕ ಮುಚ್ಚಿ ಹೊರಗೆ ಜಗಲಿಯ ಮೇಲೆ ತುಂಬಾ ಹೊತ್ತು ಕೂತಿದ್ದೆ.

ಥಿಯೇಟರಿನಲ್ಲಿ ಬಂದ 162 ನಿಮಿಷದ ಸಿನಿಮಾದಲ್ಲಿ ಇವರು ಒಂದು ಕ್ಷಣ ಬಂದು ಹೋಗುತ್ತಾರೆ. ಪುಸ್ತಕ ಓದದವರಿಗೆ ಅವರು ಯಾರು ಅಂತಲೇ ಗೊತ್ತಾಗುವುದಿಲ್ಲ. ಮನೋವೈದ್ಯರಿಗೆ ಜೈಲಿನ ಆಚೆ ಕಥೆಯೇ ಇಲ್ಲ. 215 ನಿಮಿಷದ ದೊಡ್ಡ ಆವೃತ್ತಿಯಲ್ಲಿ ಅಂಗಡಿಯೂ ಕಡಲುಗಳ್ಳರ ಕಥೆಯೂ ಇದೆ ಅಂತ ನೀನು ಹೇಳುತ್ತೀಯ. ಹೌದು, ಇದೆ. ಅದನ್ನೂ ನೋಡಿದೆ. ಅಲ್ಲಿ ಅದು ಆಮೇಲೆ ತಂದು ಸೇರಿಸಿದ ಹಾಗೆ ಕಾಣುತ್ತದೆ. ಪುಸ್ತಕದಲ್ಲಿ ಇಡೀ ಕಥೆ ನಿಂತಿರೋದೇ ಆ ಮೂಲೆಯ ಮೇಲೆ.

ಇನ್ನು ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ ವಿಷಯ. ಪುಸ್ತಕದ ಪುಟಗಳು ಹೆಚ್ಚಾಗಿ ಒಂಬತ್ತು ಚೌಕದ ಲೆಕ್ಕದಲ್ಲಿ ನಡೆಯುತ್ತವೆ, ಗಡಿಯಾರದ ಟಿಕ್ ಟಿಕ್ ಹಾಗೆ. ಹನ್ನೊಂದು ಸಂಚಿಕೆ ಹಾಗೆ ಅಭ್ಯಾಸ ಮಾಡಿಸಿ, ಹನ್ನೆರಡನೆಯದನ್ನು ತೆಗೆದರೆ ಆರು ಪುಟ, ಪುಟಕ್ಕೆ ಒಂದೇ ಚಿತ್ರ. ಬೀದಿ ತುಂಬಾ ಹೆಣ, ರಕ್ತ. ಒಂದು ಮಾತೂ ಇಲ್ಲ. ಕಣ್ಣು ತಪ್ಪಿಸೋಕೆ ಪಕ್ಕದಲ್ಲಿ ಇನ್ನೊಂದು ಚೌಕವೂ ಇಲ್ಲ. ಲೋಕವನ್ನು ಉಳಿಸುತ್ತೇನೆ ಅಂತ ಮುಖವಾಡದವರಲ್ಲೇ ಒಬ್ಬನಾದ ಏಡ್ರಿಯನ್ ವೈಟ್, ಯುದ್ಧ ತಡೆಯೋಕೆ ಊರನ್ನೇ ಬಲಿ ಕೊಟ್ಟು ಹಾಕಿದ ಲೆಕ್ಕದ ಬೆಲೆ ಇದು, ನೋಡು ಅಂತ ಪುಸ್ತಕ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ.

ಸಿನಿಮಾದಲ್ಲಿ ಅದೇ ಜಾಗದಲ್ಲಿ ಒಂದು ದೊಡ್ಡ ಹೊಂಡ ಇದೆ. ಕಟ್ಟಡಗಳ ಅವಶೇಷ ಇದೆ. ಜನ ಮಾತ್ರ ಕಾಣೋದಿಲ್ಲ. ಯೋಚನೆ ಮಾಡು, ಓಣಿಯಲ್ಲಿ ಒಬ್ಬ ರೌಡಿಯ ಮುರಿದ ಮೂಳೆಯನ್ನು ಅಷ್ಟು ಪ್ರೀತಿಯಿಂದ ತೋರಿಸಿದ ಸಿನಿಮಾ, ಲಕ್ಷಗಟ್ಟಲೆ ಜನ ಸತ್ತಾಗ ಕಣ್ಣು ಮುಚ್ಚಿಕೊಂಡುಬಿಟ್ಟಿತು. ಇದು 2009ರ ಸಿನಿಮಾ. 2001ರ ದಾಳಿಯಲ್ಲಿ ನ್ಯೂಯಾರ್ಕ್ ಕಂಡದ್ದನ್ನು ನೆನೆದು, ಅದೇ ಬೀದಿಗಳಲ್ಲಿ ಮತ್ತೆ ಹೆಣ ತೋರಿಸೋಕೆ ಅವರಿಗೆ ಕೈ ಬರಲಿಲ್ಲವೇನೋ. ಆ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ಅದೇ ಸಂಕೋಚ ಓಣಿಯಲ್ಲೂ ಇರಬೇಕಿತ್ತು ಅಲ್ವಾ?

ಪುಸ್ತಕದಲ್ಲಿ ಊರಿನ ಜನರನ್ನು ಕೊಲ್ಲೋಕೆ ವೈಟ್ ಬಳಸುವ ದೈತ್ಯ ಪ್ರಾಣಿಯನ್ನು ಸಿನಿಮಾದಲ್ಲಿ ತೆಗೆದು ಡಾಕ್ಟರ್ ಮ್ಯಾನ್‌ಹಟನ್ ಮೇಲೆ ತಪ್ಪು ಹೊರಿಸಿದ್ದು ಜಾಣತನ ಅಂತ ನೀನು ಅವತ್ತು ವಾದ ಮಾಡಿದೆ. ತೆರೆಯ ಮೇಲೆ ಆ ಪ್ರಾಣಿ ನಂಬುವ ಹಾಗೆ ಕಾಣುತ್ತಿರಲಿಲ್ಲ ಅನ್ನೋದನ್ನು ನಾನೂ ಒಪ್ಪುತ್ತೇನೆ. ಒಂದೇ ಪ್ರಶ್ನೆ. ಮ್ಯಾನ್‌ಹಟನ್ ಅಷ್ಟು ವರ್ಷ ಅಮೆರಿಕದ ಆಯುಧ ಆಗಿದ್ದವನು. ವಿಯೆಟ್ನಾಂ ಗೆದ್ದುಕೊಟ್ಟವನು. ಅವನಿಂದ ತಮ್ಮ ಊರು ಸುಟ್ಟುಹೋದರೆ ರಷ್ಯಾದವರು ಅಮೆರಿಕದ ಕೈ ಕುಲುಕುತ್ತಾರಾ? ಇಬ್ಬರಿಗೂ ಸಂಬಂಧವೇ ಇಲ್ಲದ, ಎಲ್ಲಿಂದಲೋ ಬಂದ ಶತ್ರು ಆದರೆ ಮಾತು ಬೇರೆ. ಇದರ ಮೇಲೆ ಜಾಸ್ತಿ ಹಟ ಮಾಡೋದಿಲ್ಲ. ಸತ್ತವರ ಮುಖ ತೋರಿಸಿದ್ದರೆ, ಹೇಗೆ ಸತ್ತರು ಅನ್ನೋದು ಯಾವುದಾದರೂ ನಾನು ಒಪ್ಪಿಕೊಳ್ಳುತ್ತಿದ್ದೆ.

ಪುಸ್ತಕವನ್ನು ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ. ಅರ್ಧ ದುಡ್ಡು ನಿನ್ನದೂ ಇತ್ತು, ಇಷ್ಟು ವರ್ಷ ನನ್ನ ಹತ್ತಿರವೇ ಉಳಿಯಿತು. ಅಟ್ಟದಲ್ಲಿದ್ದು ರಟ್ಟು ಸ್ವಲ್ಪ ಸಡಿಲವಾಗಿದೆ, ಹುಷಾರಾಗಿ ತೆಗೆ. ಅಂಗಡಿಯವನೂ ಹುಡುಗನೂ ಬರುವ ಪುಟಗಳಿಗೆಲ್ಲ ಕಾಗದದ ಚೂರು ಇಟ್ಟಿದ್ದೇನೆ. ಮೊದಲು ಅವರಿಬ್ಬರ ಪುಟಗಳನ್ನು ಮಾತ್ರ ಓದು. ಆಮೇಲೆ ಹನ್ನೊಂದನೆಯದರ ಕೊನೆಗೆ ಬಾ.

ದೀಪಾವಳಿಗೆ ಊರಿಗೆ ಬರುತ್ತೀಯಲ್ಲ? ಬಸ್‌ಸ್ಟ್ಯಾಂಡ್ ಪಕ್ಕದ ಆ ಅಂಗಡಿ ಈಗ ಮೊಬೈಲ್ ರೀಚಾರ್ಜ್ ಅಂಗಡಿ ಆಗಿದೆ. ಅಜ್ಜನ ಮಗ ನಡೆಸುತ್ತಾರೆ. ಒಳಗೆ ಅಜ್ಜನ ಫೋಟೋ ಇದೆ. ಒಟ್ಟಿಗೆ ಹೋಗಿ ಅವರನ್ನು ಮಾತಾಡಿಸಿಕೊಂಡು ಬರೋಣ.

ನಿನ್ನ ಗೆಳೆಯ