ಅಬಿಸೀನಿಯಾವನ್ನು ಯಾಕೆ ಬಿಟ್ಟಿರಿ?

ಸಂಪಾದಕರಿಗೆ ನಮಸ್ಕಾರ,

ಎರಡನೇ ಮಹಾಯುದ್ಧಕ್ಕೆ ಕಾರಣಗಳೇನು ಅಂತ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ವರ್ಸೇಲ್ಸ್ ಒಪ್ಪಂದ ಇತ್ತು, ಹಿಟ್ಲರ್ ಇದ್ದ, ಮ್ಯೂನಿಕ್ ಇತ್ತು, ಪೋಲೆಂಡ್ ಇತ್ತು. ಅಬಿಸೀನಿಯಾ, ಅಂದರೆ ಇವತ್ತಿನ ಇಥಿಯೋಪಿಯಾ, ಒಂದು ಸಾಲಿನಲ್ಲೂ ಇರಲಿಲ್ಲ. ಹೈಸ್ಕೂಲಿನಲ್ಲಿ 28 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದ ನನಗೆ ಇದು ಸಣ್ಣ ವಿಷಯ ಅನ್ನಿಸಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

1935ರ ಅಕ್ಟೋಬರ್ 3ರಂದು ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಸೇನೆ ಯುದ್ಧ ಸಾರದೆಯೇ ಆ ದೇಶದೊಳಗೆ ನುಗ್ಗಿತು. ಇಥಿಯೋಪಿಯಾ 1923ರಿಂದ ರಾಷ್ಟ್ರಸಂಘದ, ಅಂದರೆ ವಿಶ್ವಸಂಸ್ಥೆಗೂ ಮೊದಲಿದ್ದ ದೇಶಗಳ ಒಕ್ಕೂಟದ, ಸದಸ್ಯ. ಒಬ್ಬ ಸದಸ್ಯನ ಮೇಲೆ ಯುದ್ಧ ಮಾಡಿದರೆ ಎಲ್ಲರ ಮೇಲೂ ಮಾಡಿದ ಹಾಗೆ ಅಂತ ಸಂಘದ ನಿಯಮವೇ ಇತ್ತು. ನಾಲ್ಕೇ ದಿನದಲ್ಲಿ ತಪ್ಪು ಇಟಲಿಯದ್ದು ಅಂತ ತೀರ್ಮಾನವಾಯಿತು, ನವೆಂಬರಿನಲ್ಲಿ ಇಟಲಿಯ ಮೇಲೆ ವ್ಯಾಪಾರ ನಿರ್ಬಂಧವೂ ಬಂತು. ಆದರೆ ಆ ಪಟ್ಟಿಯಲ್ಲಿ ಪೆಟ್ರೋಲ್ ಇರಲಿಲ್ಲ! ಲಾರಿ, ಟ್ಯಾಂಕು, ವಿಮಾನ ಎಲ್ಲ ಓಡುವುದು ಅದರಿಂದಲೇ ಅಲ್ವಾ? ಸೂಯೆಜ್ ಕಾಲುವೆಯನ್ನೂ ಮುಚ್ಚಲಿಲ್ಲ. ಪಕ್ಕದಲ್ಲೇ ಈಜಿಪ್ಟಿನಲ್ಲಿ ಬ್ರಿಟಿಷ್ ಸೇನೆ ಇರುವಾಗಲೇ ಇಟಲಿಯ ಹಡಗುಗಳು ಸೈನಿಕರನ್ನು ತುಂಬಿಕೊಂಡು, ಸುಂಕ ಕಟ್ಟಿ, ಅದೇ ಕಾಲುವೆ ದಾಟಿ ಹೋದವು. ಮುಸೊಲಿನಿಯನ್ನು ಜಾಸ್ತಿ ಕೆಣಕಿದರೆ ಅವನು ಹಿಟ್ಲರ್ ಕಡೆ ಸೇರಿಬಿಡುತ್ತಾನೆ ಅನ್ನುವ ಭಯ ಬ್ರಿಟನ್ನಿಗೂ ಫ್ರಾನ್ಸಿಗೂ ಇತ್ತು. ಡಿಸೆಂಬರಿನಲ್ಲಿ ಆ ಎರಡು ದೇಶಗಳ ಮಂತ್ರಿಗಳಾದ ಹೋರ್ ಮತ್ತು ಲವಾಲ್ ಇಥಿಯೋಪಿಯಾದ ದೊಡ್ಡ ಭಾಗವನ್ನು ಇಟಲಿಗೆ ಬಿಟ್ಟುಕೊಡುವ ಗುಟ್ಟಿನ ಯೋಜನೆಯನ್ನೂ ಮಾಡಿದರು. ಅದು ಪತ್ರಿಕೆಗಳಲ್ಲಿ ಬಯಲಾಗಿ, ಜನ ಸಿಟ್ಟಿಗೆದ್ದು, ಹೋರ್ ರಾಜೀನಾಮೆ ಕೊಡಬೇಕಾಯಿತು.

ಅಷ್ಟರಲ್ಲಿ ಇಟಲಿಯ ವಿಮಾನಗಳು ಮಸ್ಟರ್ಡ್ ಗ್ಯಾಸ್ ಸುರಿಯತೊಡಗಿದ್ದವು. ವಿಷಾನಿಲ ಬಳಸುವುದಿಲ್ಲ ಅಂತ 1925ರಲ್ಲಿ ಜಿನೀವಾದಲ್ಲಿ ಸಹಿ ಹಾಕಿದ ದೇಶಗಳಲ್ಲಿ ಇಟಲಿಯೂ ಒಂದು. ಬರಿಗಾಲಿನ ಸೈನಿಕರ ಮೇಲೆ, ದನಕರುಗಳ ಮೇಲೆ, ನದಿ ನೀರಿನ ಮೇಲೆ ಅದು ಬಿತ್ತು. ಇದನ್ನು ಹೇಳುವಾಗ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು, "ಟೀಚರ್, ಎಲ್ಲರೂ ನೋಡ್ತಾನೇ ಇದ್ರಾ?" ಅಂತ ಕೇಳಿದ್ದಳು. ಹೌದಮ್ಮ, ನೋಡ್ತಾನೇ ಇದ್ರು ಅಂದೆ, ಬೇರೆ ಏನು ಹೇಳಲಿ?

1936ರ ಜೂನ್ 30ರಂದು ದೇಶ ಕಳೆದುಕೊಂಡ ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾದಲ್ಲಿ ರಾಷ್ಟ್ರಸಂಘದ ಸಭೆಯಲ್ಲಿ ಮಾತಾಡಲು ನಿಂತರು. ಇಟಲಿಯ ಪತ್ರಕರ್ತರು ಸೀಟಿ ಹೊಡೆದು ಗಲಾಟೆ ಮಾಡಿದರು. ನನ್ನ ಜನರ ಹತ್ತಿರ ಏನು ಉತ್ತರ ತೆಗೆದುಕೊಂಡು ಹೋಗಲಿ ಅಂತ ಅವರು ಕೊನೆಗೆ ಕೇಳಿದರು. ಜುಲೈನಲ್ಲಿ ಇಟಲಿಯ ಮೇಲಿದ್ದ ನಿರ್ಬಂಧವನ್ನೇ ತೆಗೆದುಹಾಕಿದರು.

ಬರ್ಲಿನ್‌ನಲ್ಲಿ ಕೂತು ಹಿಟ್ಲರ್ ಇದನ್ನೆಲ್ಲ ಗಮನಿಸುತ್ತಿದ್ದ. ಈ ಗಲಾಟೆಯ ನಡುವೆಯೇ, 1936ರ ಮಾರ್ಚ್ 7ರಂದು, ವರ್ಸೇಲ್ಸ್ ಒಪ್ಪಂದ ಮುರಿದು, ಜರ್ಮನಿ ಸೇನೆ ಇಡಬಾರದು ಅಂತಿದ್ದ ರೈನ್‌ಲ್ಯಾಂಡಿಗೆ ಸೇನೆ ಕಳಿಸಿದ, ಯಾರೂ ತಡೆಯಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಮುಸೊಲಿನಿ ರೋಮ್-ಬರ್ಲಿನ್ ಅಕ್ಷದ, ಅಂದರೆ ಇಟಲಿ-ಜರ್ಮನಿ ಕೂಟದ, ಮಾತಾಡಿದ. ಅವನು ಹಿಟ್ಲರ್ ಕಡೆ ಹೋಗಬಾರದು ಅಂತ ಒಂದು ದೇಶವನ್ನೇ ಬಲಿ ಕೊಟ್ಟರು, ಅವನು ಹೋಗೇ ಹೋದ. 1938ರಲ್ಲಿ ಮ್ಯೂನಿಕ್‌ನಲ್ಲಿ ಜೆಕೊಸ್ಲೊವಾಕಿಯಾದ ಭಾಗವನ್ನು ಹಿಟ್ಲರ್‌ಗೆ ಬಿಟ್ಟುಕೊಟ್ಟರಲ್ಲ, ಅಂಥದ್ದೇ ಎರಡು ವರ್ಷ ಮೊದಲೇ ಆಫ್ರಿಕಾದಲ್ಲಿ ಆಗಿತ್ತು. ಅಲ್ಲಿ ಸತ್ತವರು ಕಪ್ಪು ಜನ ಅನ್ನುವ ಕಾರಣಕ್ಕೇ ನಮ್ಮ ಲೇಖನಗಳಲ್ಲೂ ಅದಕ್ಕೆ ಜಾಗ ಸಿಗುವುದಿಲ್ಲವೇನೋ ಅಂತ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ನಮಗೂ ಅದಕ್ಕೂ ಸಂಬಂಧ ಇಲ್ಲ ಅಂತಲೂ ಅಲ್ಲ. 1941ರಲ್ಲಿ ಇಟಲಿಯನ್ನು ಅಲ್ಲಿಂದ ಓಡಿಸಲು ಪಕ್ಕದ ಎರಿಟ್ರಿಯಾದ ಕೆರೆನ್ ಬೆಟ್ಟಗಳನ್ನು ಹತ್ತಿದವರಲ್ಲಿ ಭಾರತದ ಎರಡು ಡಿವಿಜನ್ ಇದ್ದವು. ಇಲ್ಲಿ ನಮ್ಮ ಬೆಳಗಾವಿಯಲ್ಲಿ ಕೇಂದ್ರ ಇರುವ ಮರಾಠಾ ಪದಾತಿ ದಳದವರೂ ಅವರ ಜೊತೆ ಇದ್ದರು. ಮುಂದಿನ ಸಲ ಈ ವಿಷಯ ಬರೆಸುವಾಗ ದಯವಿಟ್ಟು ಕೆರೆನ್‌ಗೂ ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾಗೂ ಅರ್ಧ ಪುಟವಾದರೂ ಕೊಡಿ.

— ನಿವೃತ್ತ ಶಿಕ್ಷಕಿ, ಬೆಳಗಾವಿ